25 ಕೋಟಿ ನನಗೇ ಬರುವ ಸಾಧ್ಯತೆ ಎಷ್ಟು? ಬಂಪರ್ ಲಾಟರಿ, ಲಕ್ಕಿ ಡ್ರಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓಣಂ ಹತ್ತಿರ ಬಂತೆಂದರೆ ಗುಂಡ್ಲುಪೇಟೆ, ವಿರಾಜಪೇಟೆ, ಪುತ್ತೂರು ಕಡೆಯಿಂದ ಗಡಿ ದಾಟಿ ಕೇರಳಕ್ಕೆ ಹೋಗುವವರ ಕೈಗೆ ಊರವರು ದುಡ್ಡು ಕೊಟ್ಟು ಕಳಿಸುತ್ತಾರೆ: "ಬರುವಾಗ ನನಗೂ ಒಂದು ಬಂಪರ್ ಟಿಕೆಟ್ ತಾ." ಕಾಸರಗೋಡು, ಮಂಜೇಶ್ವರದ ಕನ್ನಡಿಗರಿಗಂತೂ ಲಾಟರಿ ಅಂಗಡಿ ಬಸ್‌ಸ್ಟ್ಯಾಂಡಿನಲ್ಲೇ ಇದೆ. ಗಲ್ಫ್‌ನಲ್ಲಿರುವವರಿಗೆ ವಿಮಾನ ನಿಲ್ದಾಣದ ಡ್ರಾ, ಅಮೆರಿಕದಲ್ಲಿರುವವರಿಗೆ ಅಂಚೆಯಲ್ಲಿ ಬರುವ ಪುಕ್ಕಟೆ ಡ್ರಾದ ಸ್ವೀಪ್‌ಸ್ಟೇಕ್ಸ್ ಲಕೋಟೆ, ಇಲ್ಲಿರುವ ನಮಗೆ ಬಟ್ಟೆ ಅಂಗಡಿಯ ದಸರಾ ಕೂಪನ್. ಎಲ್ಲದರಲ್ಲೂ ಬಹುಮಾನದ ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ. ಒಟ್ಟು ಎಷ್ಟು ಚೀಟಿಗಳಲ್ಲಿ ಒಂದನ್ನು ಎತ್ತುತ್ತಾರೆ ಎನ್ನುವುದು ಇರುವುದಿಲ್ಲ, ಇದ್ದರೂ ಸಣ್ಣ ಅಕ್ಷರದಲ್ಲಿರುತ್ತದೆ. ಈ ಪುಟದ ಪ್ರಶ್ನೋತ್ತರಗಳೆಲ್ಲ ಆ ಎರಡನೆಯ ಸಂಖ್ಯೆಯ ಬಗ್ಗೆ.

ಕೇರಳದ ತಿರುವೋಣಂ ಬಂಪರ್‌ನಲ್ಲಿ ಮೊದಲ ಬಹುಮಾನ ಬರುವ ಸಾಧ್ಯತೆ ಎಷ್ಟು?

ಸುಮಾರು 70 ಲಕ್ಷದಲ್ಲಿ ಒಂದು. ಓಣಂಗೆಂದು ಕೇರಳ ಸರ್ಕಾರ ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಲಾಟರಿ ಇದು. 2024ರ ಅಕ್ಟೋಬರ್ 9ರಂದು ಡ್ರಾ ಆದ ಬಂಪರ್‌ಗೆ ಮಾರಾಟವಾದ ಟಿಕೆಟ್‌ಗಳು ಸುಮಾರು 71.4 ಲಕ್ಷ. 25 ಕೋಟಿಯ ಮೊದಲ ಬಹುಮಾನ ಒಂದೇ ಒಂದು. ಹಾಗಾಗಿ ಒಂದು ಟಿಕೆಟ್ ಇಟ್ಟುಕೊಂಡವರಿಗೆ ಇದ್ದ ಅವಕಾಶ 71.4 ಲಕ್ಷಕ್ಕೆ ಒಂದು.

ಇಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ನಾಟುವುದು ಕಷ್ಟ. ಹೀಗೆ ಯೋಚಿಸಿ ನೋಡಿ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ಈ ನಾಲ್ಕೂ ಜಿಲ್ಲೆಗಳ ಜನಸಂಖ್ಯೆ 2011ರ ಜನಗಣತಿಯಂತೆ ಒಟ್ಟು ಸುಮಾರು 64 ಲಕ್ಷ. ತೊಟ್ಟಿಲಲ್ಲಿರುವ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಒಬ್ಬೊಬ್ಬರ ಕೈಗೂ ಒಂದೊಂದು ಟಿಕೆಟ್ ಕೊಟ್ಟರೂ ಇನ್ನೂ ಏಳು ಲಕ್ಷಕ್ಕಿಂತ ಹೆಚ್ಚು ಟಿಕೆಟ್ ಮಿಕ್ಕುತ್ತವೆ. ಅಷ್ಟೂ ಜನರಲ್ಲಿ ಕಣ್ಣುಮುಚ್ಚಿ ಒಬ್ಬರ ಹೆಸರು ಎತ್ತಬೇಕು, ಅದು ನಿಮ್ಮದಾಗಿರಬೇಕು.

ಆದರೆ ಆ ಸಲ ಗೆದ್ದದ್ದು ನಮ್ಮ ಮಂಡ್ಯದವರೇ ಅಲ್ಲವೇ?

ಹೌದು. ಪಾಂಡವಪುರದ ಒಬ್ಬ ಮೆಕ್ಯಾನಿಕ್. ಟಿಕೆಟ್ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಹಲವು ವರ್ಷಗಳಿಂದ ಟಿಕೆಟ್ ಕೊಳ್ಳುತ್ತಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಆ ಸುದ್ದಿ ಬಂದ ಮೇಲೆ "ನಮ್ಮ ಕಡೆಗೂ ಬರುತ್ತೆ ಕಣ್ರೀ" ಎಂಬ ಮಾತು ಹಳೇ ಮೈಸೂರು ಭಾಗದಲ್ಲೆಲ್ಲ ಓಡಾಡಿತು.

ಬರುತ್ತದೆ, ನಿಜ. ಯಾರಿಗಾದರೂ ಒಬ್ಬರಿಗೆ ಬರಲೇಬೇಕು, ಅದೇ ಲಾಟರಿಯ ನಿಯಮ. ಯಾರಿಗಾದರೂ ಬರುವ ಸಾಧ್ಯತೆಯೂ ನನಗೆ ಬರುವ ಸಾಧ್ಯತೆಯೂ ಒಂದೇ ಅಲ್ಲ. ಮೊದಲನೆಯದು ನೂರಕ್ಕೆ ನೂರು, ಎರಡನೆಯದು 71.4 ಲಕ್ಷಕ್ಕೆ ಒಂದು. ಪತ್ರಿಕೆ, ಟಿವಿ, ವಾಟ್ಸ್ಆ್ಯಪ್ ನಮಗೆ ತೋರಿಸುವುದು ಮೊದಲನೆಯದನ್ನು ಮಾತ್ರ. ಅಷ್ಟೇ ವರ್ಷ, ಅಷ್ಟೇ ಶ್ರದ್ಧೆಯಿಂದ ಟಿಕೆಟ್ ಕೊಂಡು ಏನೂ ಸಿಗದವರ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವರೆಲ್ಲರ ಫೋಟೊ ಹಾಕಹೊರಟರೆ ಆ ಒಂದು ವರ್ಷದ ಡ್ರಾಗೇ 71 ಲಕ್ಷ ಫೋಟೊ ಬೇಕು. ಊರಿಗೆ ಒಮ್ಮೆ ಬಂದ ಅದೃಷ್ಟ ಊರಿನವರ ಮುಂದಿನ ಟಿಕೆಟ್‌ಗೆ ಏನನ್ನೂ ಸೇರಿಸುವುದಿಲ್ಲ, ಅದರಿಂದ ಏನನ್ನೂ ಕಳೆಯುವುದೂ ಇಲ್ಲ.

500 ರೂಪಾಯಿಯ ಟಿಕೆಟ್‌ನ ನಿಜವಾದ ಬೆಲೆ ಎಷ್ಟು?

ಅಂಗಡಿಯವರಿಗೆ ಯಾರೂ ಕೇಳದ ಪ್ರಶ್ನೆ ಇದು, ಆದರೆ ಮೊದಲು ಕೇಳಬೇಕಾದದ್ದು ಇದನ್ನೇ. ಲೆಕ್ಕ ಸುಲಭ. ಬಹುಮಾನದ ಮೊತ್ತವನ್ನು ಟಿಕೆಟ್‌ಗಳ ಸಂಖ್ಯೆಯಿಂದ ಭಾಗಿಸಿ. 25 ಕೋಟಿಯನ್ನು 71.4 ಲಕ್ಷ ಟಿಕೆಟ್‌ಗಳಿಗೆ ಹಂಚಿದರೆ ಒಂದು ಟಿಕೆಟ್‌ಗೆ ಬರುವುದು 35 ರೂಪಾಯಿ. ನೀವು ಕೊಟ್ಟ 500ರಲ್ಲಿ 25 ಕೋಟಿಯ ಕನಸಿನ ಪಾಲು ಅಷ್ಟೇ. ಅದೂ ತೆರಿಗೆಗೆ ಮುಂಚೆ.

ಎರಡನೆಯ ಬಹುಮಾನ ತಲಾ ಒಂದು ಕೋಟಿ, 20 ಜನರಿಗೆ. ಅದರ ಪಾಲು 28 ರೂಪಾಯಿ. ಮೂರನೆಯದು ತಲಾ 50 ಲಕ್ಷ, 20 ಜನರಿಗೆ. ಅದು 14 ರೂಪಾಯಿ. ಅಂದರೆ ಜೀವನ ಬದಲಿಸಬಲ್ಲ ಮೂರೂ ದರ್ಜೆಯ ಬಹುಮಾನಗಳು ಸೇರಿ ನಿಮ್ಮ 500ಕ್ಕೆ 77 ರೂಪಾಯಿ ಲೆಕ್ಕವಾಯಿತು. ಅದರ ಕೆಳಗೆ 5 ಲಕ್ಷ, 2 ಲಕ್ಷದ ಕೆಲವು ಬಹುಮಾನಗಳು, ಆಮೇಲೆ 5,000ದಿಂದ 500ರವರೆಗಿನ ಲಕ್ಷಾಂತರ ಸಣ್ಣ ಬಹುಮಾನಗಳು. ಎಲ್ಲ ಕೂಡಿಸಿದರೂ 500 ಆಗುವುದಿಲ್ಲ. ಆಗುವಂತಿದ್ದರೆ ಮಾರಾಟಗಾರರ ಕಮಿಷನ್, ಜಿಎಸ್‌ಟಿ, ಸರ್ಕಾರದ ಲಾಭ ಯಾವುದಕ್ಕೂ ದುಡ್ಡು ಉಳಿಯುತ್ತಿರಲಿಲ್ಲ.

ಇಲ್ಲೇ ಇನ್ನೊಂದು ಲೆಕ್ಕ. 2021ರಲ್ಲಿ ಇದೇ ಬಂಪರ್‌ನ ಟಿಕೆಟ್ 300 ರೂಪಾಯಿ, ಮೊದಲ ಬಹುಮಾನ 12 ಕೋಟಿ, ಮಾರಾಟವಾದದ್ದು 54 ಲಕ್ಷ. 2022ರಲ್ಲಿ ಟಿಕೆಟ್ 500 ಆಯಿತು, ಬಹುಮಾನ 25 ಕೋಟಿಗೆ ಏರಿತು, ದೇಶದಲ್ಲೆಲ್ಲ ಸುದ್ದಿಯಾಯಿತು. ಆದರೆ ಕೊಟ್ಟ ಪ್ರತಿ ರೂಪಾಯಿಗೆ ಮೊದಲ ಬಹುಮಾನದ ಪಾಲು ಲೆಕ್ಕ ಹಾಕಿದರೆ ಆಗಲೂ ಏಳು ಪೈಸೆಯ ಸುಮಾರು, ಈಗಲೂ ಏಳು ಪೈಸೆಯ ಸುಮಾರು. ಬಹುಮಾನ ದುಪ್ಪಟ್ಟಾದಾಗ ಕೊಳ್ಳುವವರೂ ಹೆಚ್ಚಾದರು, ಬೆಲೆಯೂ ಏರಿತು. ಆಟಗಾರನಿಗೆ ಸಿಕ್ಕ ಲಾಭ ಏನೂ ಇಲ್ಲ, ಗೆಲ್ಲುವ ಸಾಧ್ಯತೆ ಮಾತ್ರ ಕಡಿಮೆಯಾಯಿತು.

ಹತ್ತು ಟಿಕೆಟ್ ಕೊಂಡರೆ?

ಸಾಧ್ಯತೆ ಹತ್ತು ಪಟ್ಟಾಗುತ್ತದೆ. 7.14 ಲಕ್ಷಕ್ಕೆ ಒಂದು. ಖರ್ಚು 5,000 ರೂಪಾಯಿ. "ಹತ್ತು ಪಟ್ಟು" ಎಂಬ ಮಾತು ಕೇಳಲು ದೊಡ್ಡದು, ಆದರೆ ತೀರಾ ಸಣ್ಣದರ ಹತ್ತು ಪಟ್ಟೂ ಸಣ್ಣದೇ. ಮೊದಲ ಬಹುಮಾನ ಬರುವ ಸಾಧ್ಯತೆಯನ್ನು ಅರ್ಧಕ್ಕರ್ಧ ಮಾಡಿಕೊಳ್ಳಬೇಕೆಂದರೆ ಸುಮಾರು 35.7 ಲಕ್ಷ ಟಿಕೆಟ್ ನಿಮ್ಮ ಬಳಿ ಇರಬೇಕು. ಅದಕ್ಕೆ ತಗಲುವ ಹಣ 178 ಕೋಟಿಗೂ ಮೇಲೆ.

ಪ್ರತಿ ವರ್ಷ ತಪ್ಪದೆ ಕೊಂಡರೆ ಒಂದಲ್ಲ ಒಂದು ದಿನ ಬರಲೇಬೇಕಲ್ಲವೇ?

ಇಲ್ಲ. ಡ್ರಾ ಯಂತ್ರಕ್ಕೆ ನೆನಪಿನ ಶಕ್ತಿ ಇಲ್ಲ. ಹಿಂದಿನ ವರ್ಷ ನೀವು ಕೊಂಡಿದ್ದಿರೋ ಇಲ್ಲವೋ, ಸೋತಿದ್ದಿರೋ ಗೆದ್ದಿದ್ದಿರೋ ಅದಕ್ಕೆ ಗೊತ್ತಿಲ್ಲ. ಪ್ರತಿ ಡ್ರಾ ಹೊಸದಾಗಿ ಶುರು. 40 ವರ್ಷ ಪ್ರತಿ ಓಣಂಗೆ ಒಂದು ಟಿಕೆಟ್ ಕೊಂಡವರಿಗೆ ಆ 40 ವರ್ಷಗಳಲ್ಲಿ ಒಮ್ಮೆಯಾದರೂ ಮೊದಲ ಬಹುಮಾನ ಬರುವ ಸಾಧ್ಯತೆ ಸುಮಾರು 1.8 ಲಕ್ಷಕ್ಕೆ ಒಂದು. ವರ್ಷಕ್ಕೊಂದು ಟಿಕೆಟ್‌ನಂತೆ ಕೊಂಡು ಗೆಲುವಿನ ಸಾಧ್ಯತೆ ಅರ್ಧಕ್ಕೆ ಮುಟ್ಟಬೇಕಾದರೆ ಸುಮಾರು 49 ಲಕ್ಷ ವರ್ಷ ಕೊಳ್ಳುತ್ತಿರಬೇಕು.

"ಇಷ್ಟು ವರ್ಷ ಹಾಕಿದ್ದೇನೆ, ಈಗ ಬಿಟ್ಟರೆ ಹೇಗೆ" ಎಂಬ ಮಾತನ್ನು ಲಾಟರಿ ಅಂಗಡಿಗಳ ಮುಂದೆ ಯಾವಾಗಲೂ ಕೇಳಬಹುದು. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಾಕಿದ ದುಡ್ಡು ಮುಂದಿನ ಟಿಕೆಟ್‌ಗೆ ಬಂಡವಾಳವಾಗಿ ಕೂರುವುದಿಲ್ಲ. ಅದು ಹೋಯಿತು. ಇವತ್ತು ಮೊದಲ ಸಲ ಟಿಕೆಟ್ ಕೊಂಡವನಿಗೂ ಇಪ್ಪತ್ತು ವರ್ಷದಿಂದ ಕೊಳ್ಳುತ್ತಿರುವವನಿಗೂ ಇರುವ ಅವಕಾಶ ಒಂದೇ.

ಒಂದೇ ಅಂಕಿಯಲ್ಲಿ ತಪ್ಪಿತು. ಅಂದರೆ ಹತ್ತಿರ ಬಂದಿದ್ದೇನೆ ತಾನೇ?

ಟಿಕೆಟ್‌ನಲ್ಲಿರುವುದು ಒಂದು ಸರಣಿ (ಎರಡು ಇಂಗ್ಲಿಷ್ ಅಕ್ಷರ), ಜೊತೆಗೆ ಆರು ಅಂಕಿಯ ಸಂಖ್ಯೆ. ಒಂದೊಂದು ಅಂಕಿಯೂ ಬೇರೆಬೇರೆಯಾಗಿ ನಿರ್ಧಾರವಾಗುತ್ತದೆ. ಕೊನೆಯ ಅಂಕಿ 3ರ ಬದಲು 2 ಬಂದದ್ದಕ್ಕೂ 9 ಬಂದದ್ದಕ್ಕೂ ವ್ಯತ್ಯಾಸ ಇಲ್ಲ. ಒಂದೇ ಅಂಕಿ ತಪ್ಪಿದ ಟಿಕೆಟ್‌ಗಳು ಪ್ರತಿ ಡ್ರಾದಲ್ಲೂ ಹತ್ತಾರು ಇರುತ್ತವೆ, ಇರಲೇಬೇಕು. ಒಂದೇ ಒಂದು ವಿನಾಯಿತಿ ಉಂಟು: ಸಂಖ್ಯೆ ಪೂರ್ತಿ ಅದೇ ಇದ್ದು ಸರಣಿ ಮಾತ್ರ ಬೇರೆಯಾಗಿದ್ದರೆ ಸಮಾಧಾನಕರ ಬಹುಮಾನ ಸಿಗುತ್ತದೆ. ತಿರುವೋಣಂ ಬಂಪರ್‌ನಲ್ಲಿ ಅದು 5 ಲಕ್ಷ.

ಸಣ್ಣ ಬಹುಮಾನವಾದರೂ ಬರುತ್ತದಲ್ಲ?

ಬರುತ್ತದೆ. ಆ ಸಣ್ಣ ಬಹುಮಾನಗಳನ್ನು ಸಾಮಾನ್ಯವಾಗಿ ಕೊನೆಯ ನಾಲ್ಕು ಅಂಕಿಗಳ ಮೇಲೆ ಎತ್ತುತ್ತಾರೆ. ಯಾವುದೇ ನಾಲ್ಕು ಅಂಕಿ ಸರಿಹೊಂದುವ ಸಾಧ್ಯತೆ 10,000ಕ್ಕೆ ಒಂದು. ಒಂದು ದರ್ಜೆಗೆ 60 ಸಲ ಎತ್ತಿದರೆ 10,000ಕ್ಕೆ 60. ಹೀಗಾಗಿ 500, 1,000 ರೂಪಾಯಿ ಬಂದವರು ಪ್ರತಿ ಊರಲ್ಲೂ ಸಿಗುತ್ತಾರೆ. 500ರ ಟಿಕೆಟ್‌ಗೆ 500 ಬಂದರೆ ಮನಸ್ಸಿಗೆ ಗೆದ್ದ ಹಾಗೆ ಅನಿಸುತ್ತದೆ, ಆದರೆ ಕೊಟ್ಟದ್ದೇ ವಾಪಸ್ ಬಂದಿದೆ. ಅದನ್ನು ಹೆಚ್ಚಿನವರು ಜೇಬಿಗೆ ಹಾಕಿಕೊಳ್ಳುವುದೂ ಇಲ್ಲ, ಅದೇ ಅಂಗಡಿಯಲ್ಲಿ ಇನ್ನೊಂದು ಟಿಕೆಟ್ ತೆಗೆದುಕೊಳ್ಳುತ್ತಾರೆ.

2 ಲಕ್ಷ ಮತ್ತು ಅದಕ್ಕಿಂತ ಮೇಲಿನ ಬಹುಮಾನಗಳನ್ನಷ್ಟೇ ಎಣಿಸಿದರೆ 2024ರಲ್ಲಿ ಒಟ್ಟು 70: ಮೊದಲನೆಯದು 1, ಎರಡನೆಯದು 20, ಮೂರನೆಯದು 20, ನಾಲ್ಕು ಮತ್ತು ಐದನೆಯದು ತಲಾ 10, ಸಮಾಧಾನಕರ 9. ಅಂದರೆ ಸುಮಾರು ಒಂದು ಲಕ್ಷ ಟಿಕೆಟ್‌ಗೆ ಒಂದು. ಬಂಪರ್‌ನಲ್ಲಿ "ಏನಾದರೂ ಗಣ್ಯವಾದದ್ದು ಸಿಕ್ಕೀತೆ" ಎಂದು ಕೇಳುವವರಿಗೆ ಉತ್ತರ ಈ ಸಂಖ್ಯೆ.

ಅದೃಷ್ಟದ ಅಂಗಡಿ, ಅದೃಷ್ಟದ ನಂಬರ್ ಎಂದು ಏನಾದರೂ ಇದೆಯೇ?

ಇಲ್ಲ. ಕೆಲವು ಅಂಗಡಿಗಳಿಂದ ಮತ್ತೆ ಮತ್ತೆ ಬಹುಮಾನ ಹೋಗುತ್ತದೆ, ಅದು ನಿಜ. ಕಾರಣ, ಆ ಅಂಗಡಿಗಳು ಮತ್ತೆ ಮತ್ತೆ ಲಕ್ಷಗಟ್ಟಲೆ ಟಿಕೆಟ್ ಮಾರುತ್ತವೆ. ಪಾಲಕ್ಕಾಡ್ ಜಿಲ್ಲೆಯಲ್ಲಿ ಬಂಪರ್ ಮಾರಾಟ ಯಾವಾಗಲೂ ಹೆಚ್ಚು, ಯಾಕೆಂದರೆ ತಮಿಳುನಾಡಿನಿಂದ ಬರುವವರು ವಾಳಯಾರ್ ದಾಟಿದ ಕೂಡಲೇ ಅಲ್ಲಿ ಕೊಳ್ಳುತ್ತಾರೆ. 2023ರ 25 ಕೋಟಿ ತಮಿಳುನಾಡಿನ ನಾಲ್ವರು ಗೆಳೆಯರಿಗೆ ಹೋದದ್ದು ಅಲ್ಲಿ ಕೊಂಡ ಟಿಕೆಟ್‌ಗೇ. ಹೆಚ್ಚು ಟಿಕೆಟ್ ಮಾರುವ ಅಂಗಡಿಗೆ ಹೆಚ್ಚು ಗೆಲುವು, ಆದರೆ ಅಲ್ಲಿ ಕೊಂಡ ನಿಮ್ಮ ಒಂದು ಟಿಕೆಟ್‌ಗೆ ಹೆಚ್ಚಿನ ಅವಕಾಶ ಇಲ್ಲ. ಜನ್ಮದಿನ, ಗಾಡಿ ನಂಬರ್, ಕೂಡಿದರೆ 9 ಬರುವ ನಂಬರ್ ಇವೆಲ್ಲಕ್ಕೂ ಇದೇ ಉತ್ತರ.

ಗುಂಪಾಗಿ ಕೊಂಡರೆ ಲಾಭವೇ?

ಕೈಬಿಡುವ ದುಡ್ಡು ಕಡಿಮೆಯಾಗುತ್ತದೆ, ಅದೊಂದು ಒಳ್ಳೆಯದು. 2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಮಹಿಳೆಯರು ಚಿಲ್ಲರೆ ಕಾಸು ಒಟ್ಟುಗೂಡಿಸಿ 250 ರೂಪಾಯಿಯ ಮಾನ್ಸೂನ್ ಬಂಪರ್ ಟಿಕೆಟ್ ಕೊಂಡರು. 10 ಕೋಟಿ ಬಂತು. ಓದಿದಾಗ ಕಣ್ಣು ತುಂಬಿ ಬರುವ ಸುದ್ದಿ ಅದು. ಆದರೆ ಟಿಕೆಟ್ ಒಂದೇ, ಅದಕ್ಕಿರುವ ಅವಕಾಶವೂ ಒಂದೇ. ಹಂಚಿಕೊಂಡದ್ದು ಖರ್ಚನ್ನು ಮತ್ತು ಬಹುಮಾನವನ್ನು.

ಗುಂಪಾಗಿ ಕೊಳ್ಳುವುದೇ ಆದರೆ ಯಾರು ಎಷ್ಟು ಹಾಕಿದರು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಟಿಕೆಟ್‌ನ ಎರಡೂ ಬದಿಯ ಫೋಟೊ ಎಲ್ಲರ ಫೋನಿನಲ್ಲಿರಲಿ. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಎನಿಸಬಹುದು, ಆದರೆ ಬಹುಮಾನ ಬಂದ ಮೇಲೆ ಬರೆಯಿಸಲು ಹೋದರೆ ಆಗುವುದಿಲ್ಲ.

25 ಕೋಟಿ ಬಂದರೆ ಕೈಗೆ ಎಷ್ಟು ಸಿಗುತ್ತದೆ?

ಸುಮಾರು ಅರ್ಧ. ಮೊದಲು ಟಿಕೆಟ್ ಮಾರಿದ ಏಜೆಂಟ್‌ನ ಶೇ 10 ಕಮಿಷನ್, ಅಂದರೆ 2.5 ಕೋಟಿ. ಉಳಿದ 22.5 ಕೋಟಿಯ ಮೇಲೆ ಶೇ 30 ಆದಾಯ ತೆರಿಗೆ, 6.75 ಕೋಟಿ. ಅದನ್ನು ಲಾಟರಿ ಇಲಾಖೆಯೇ ಹಿಡಿದುಕೊಂಡು 15.75 ಕೋಟಿ ಕೊಡುತ್ತದೆ. ಬಹಳ ಜನ ಅಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಅಷ್ಟು ದೊಡ್ಡ ಆದಾಯಕ್ಕೆ ತೆರಿಗೆಯ ಮೇಲೆ ಇನ್ನೊಂದು ತೆರಿಗೆ, ಅಂದರೆ ಸರ್‌ಚಾರ್ಜ್, ಅದರ ಮೇಲೆ ಶೇ 4 ಸೆಸ್ ಇದೆ. ಅದನ್ನು ಗೆದ್ದವರೇ ಕಟ್ಟಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 37 ಸರ್‌ಚಾರ್ಜ್ ಹಿಡಿದರೆ ಕೊನೆಗೆ ಉಳಿಯುವುದು ಸುಮಾರು 12.88 ಕೋಟಿ, ಹೊಸ ಪದ್ಧತಿಯ ಶೇ 25ರಂತೆ ಸುಮಾರು 13.7 ಕೋಟಿ.

ಈ ಮೊತ್ತವನ್ನಿಟ್ಟುಕೊಂಡು ಮೇಲಿನ ಲೆಕ್ಕ ಮತ್ತೆ ಮಾಡಿ. 500 ರೂಪಾಯಿಯಲ್ಲಿ ಮೊದಲ ಬಹುಮಾನದ ಪಾಲು 35ರಿಂದ 19ಕ್ಕೆ ಇಳಿಯುತ್ತದೆ.

ಇನ್ನೆರಡು ವಿಷಯ ತಿಳಿದಿರಲಿ. ಬೇರೆ ಆದಾಯ ಏನೂ ಇಲ್ಲದಿದ್ದರೂ ಲಾಟರಿ ಹಣಕ್ಕೆ ಮೂಲ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ. ಸೋತ ಟಿಕೆಟ್‌ಗಳ ಖರ್ಚನ್ನು ಗೆದ್ದ ಹಣದಲ್ಲಿ ಕಳೆದು ತೋರಿಸುವಂತೆಯೂ ಇಲ್ಲ.

ಕರ್ನಾಟಕದಲ್ಲಿ ಲಾಟರಿ ನಿಷೇಧ ಇದೆ. ಹಾಗಿದ್ದರೂ ಕೇರಳ ಟಿಕೆಟ್ ಕೊಳ್ಳಬಹುದೇ?

ಕರ್ನಾಟಕ 2007ರ ಏಪ್ರಿಲ್ 1ರಿಂದ ಲಾಟರಿಮುಕ್ತ ರಾಜ್ಯ. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಬಂದ ಆದೇಶ ಅದು. ಅದಕ್ಕೂ ಮುಂಚಿನ ದಿನಗಳನ್ನು ಕಂಡವರಿಗೆ ಆ ಆದೇಶದ ಬೆಲೆ ಗೊತ್ತು. ಬಸ್‌ಸ್ಟ್ಯಾಂಡು, ಮಾರುಕಟ್ಟೆ, ಕಾರ್ಖಾನೆ ಗೇಟುಗಳ ಎದುರು ದಿನದ ಕೂಲಿ ಹಾಗೇ ಲಾಟರಿ ಕೌಂಟರಿಗೆ ಹೋಗುತ್ತಿದ್ದ ಕಾಲ. ಒಂದಂಕಿ ಲಾಟರಿ ಎಷ್ಟೋ ಮನೆಗಳ ಒಲೆ ಆರಿಸಿತು. ರಾಜ್ಯದ ಬೊಕ್ಕಸಕ್ಕೆ ನಷ್ಟವಾದರೂ ನಿಷೇಧ ಸರಿಯಾದ ನಿರ್ಧಾರವಾಗಿತ್ತು ಎಂದೇ ನಾನು ನಂಬಿದ್ದೇನೆ.

1998ರ ಕೇಂದ್ರ ಲಾಟರಿ ಕಾಯ್ದೆಯಂತೆ ಒಂದು ರಾಜ್ಯ ತನ್ನ ಗಡಿಯೊಳಗೆ ಬೇರೆ ರಾಜ್ಯಗಳ ಲಾಟರಿ ಮಾರಾಟವನ್ನೂ ತಡೆಯಬಹುದು. ಹಾಗಾಗಿ ಕೇರಳ ಟಿಕೆಟ್ ಅನ್ನು ಕರ್ನಾಟಕದಲ್ಲಿ ಮಾರುವುದು ಅಪರಾಧ. ನೀವೇ ಕೇರಳಕ್ಕೆ ಹೋಗಿ ಅಲ್ಲಿನ ಅಂಗಡಿಯಲ್ಲಿ ಕೊಂಡರೆ ಬಹುಮಾನ ಪಡೆಯಲು ಅಡ್ಡಿಯಿಲ್ಲ. ಹೊರ ರಾಜ್ಯದವರಾದರೆ ಟಿಕೆಟ್ ಎಲ್ಲಿ, ಹೇಗೆ ಕೊಂಡಿರಿ ಎಂದು ವಿವರಣೆ ಕೇಳುತ್ತಾರೆ, ದಾಖಲೆಗಳನ್ನು ನೋಟರಿ ದೃಢೀಕರಿಸಿ ಕೊಡಬೇಕಾಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ದುಡ್ಡು ಹಾಕಿಸಿಕೊಂಡು "ಟಿಕೆಟ್ ನನ್ನ ಬಳಿ ಇರುತ್ತದೆ, ಫೋಟೊ ಕಳಿಸುತ್ತೇನೆ" ಎನ್ನುವವರಿಂದ ದೂರವಿರಿ. ಕೇರಳ ಸರ್ಕಾರ ಆನ್‌ಲೈನ್‌ನಲ್ಲಿ ಲಾಟರಿ ಮಾರುವುದಿಲ್ಲ. ಬಹುಮಾನ ಸಿಗುವುದು ಮೂಲ ಕಾಗದದ ಟಿಕೆಟ್ ತಂದವರಿಗೆ. ಒಂದೇ ಟಿಕೆಟ್‌ನ ಫೋಟೊ ನೂರು ಜನರಿಗೆ ಹೋಗಿರಬಹುದು.

ದಿನವಹಿ ಲಾಟರಿ ಬಂಪರ್‌ಗಿಂತ ಪರವಾಗಿಲ್ಲವೇ? 50 ರೂಪಾಯಿ ತಾನೇ?

ಇಲ್ಲ, ನನ್ನ ಪ್ರಕಾರ ಅದು ಹೆಚ್ಚು ಅಪಾಯಕಾರಿ. ವರ್ಷಕ್ಕೊಮ್ಮೆ ಹಬ್ಬದ ಖುಷಿಗೆ 500 ಕಳೆದುಕೊಂಡವರ ಮನೆ ಮುಳುಗುವುದಿಲ್ಲ. ವಾರದ ಏಳೂ ದಿನ ಒಂದೊಂದು ಹೆಸರಿನ ಡ್ರಾ ಇದೆ, 2025ರಿಂದ ಟಿಕೆಟ್ 50 ರೂಪಾಯಿ, ಮೊದಲ ಬಹುಮಾನ ಒಂದು ಕೋಟಿ. ಮುದ್ರಿಸುವ ಟಿಕೆಟ್‌ಗಳು ಒಂದು ಕೋಟಿಯ ಆಸುಪಾಸು. ಅಂದರೆ ಮೊದಲ ಬಹುಮಾನದ ಸಾಧ್ಯತೆ ಬಂಪರ್‌ಗಿಂತಲೂ ಕಡಿಮೆ, ಬಹುಮಾನವೂ ಚಿಕ್ಕದು.

ದಿನಕ್ಕೆ 50 ಎಂದರೆ ವರ್ಷಕ್ಕೆ 18,250. ಹತ್ತು ವರ್ಷಕ್ಕೆ 1,82,500. ತಿಂಗಳಿಗೆ ಅದೇ 1,500 ರೂಪಾಯಿಯನ್ನು ಅಂಚೆ ಕಚೇರಿಯಲ್ಲೋ ಸಹಕಾರಿ ಬ್ಯಾಂಕಿನಲ್ಲೋ ಆರ್‌ಡಿ ಕಟ್ಟಿದರೆ, ಶೇ 6.5 ಬಡ್ಡಿ ಹಿಡಿದರೂ ಹತ್ತು ವರ್ಷದ ಕೊನೆಗೆ ಸುಮಾರು ಎರಡೂವರೆ ಲಕ್ಷ. ಗೆಲ್ಲುವ ಸಾಧ್ಯತೆ ನೂರಕ್ಕೆ ನೂರು.

ದುಬೈ ಡ್ಯೂಟಿ ಫ್ರೀ ಡ್ರಾದಲ್ಲಿ ಅವಕಾಶ ಹೆಚ್ಚು ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಅದು ಯಾಕೆ ಎಂದು ಅರ್ಥ ಮಾಡಿಕೊಂಡರೆ ಉಳಿದ ಎಲ್ಲ ಡ್ರಾಗಳೂ ಅರ್ಥವಾಗುತ್ತವೆ. ಗಲ್ಫ್‌ನಲ್ಲಿರುವ ಕರಾವಳಿಯ ಕನ್ನಡಿಗರಿಗೆ, ತುಳುವರಿಗೆ, ಬ್ಯಾರಿಗಳಿಗೆ ಚೆನ್ನಾಗಿ ಗೊತ್ತಿರುವ ಡ್ರಾ ಇದು. 1999ರಲ್ಲಿ ಶುರುವಾದ ಇಲ್ಲಿನ ಮಿಲೇನಿಯಂ ಮಿಲಿಯನೇರ್ ಡ್ರಾದಲ್ಲಿ ಒಂದು ಸರಣಿಗೆ, ಅಂದರೆ ಒಂದು ಬಹುಮಾನಕ್ಕೆ, 5,000 ಟಿಕೆಟ್ ಮಾತ್ರ, ಒಂದಕ್ಕೆ 1,000 ದಿರ್ಹಾಂ, ಬಹುಮಾನ 10 ಲಕ್ಷ ಡಾಲರ್. ದಶಕಗಳಿಂದ ನಡೆದುಬಂದ ನಿಯಮ ಹೀಗೆ. ಸಾಧ್ಯತೆ 5,000ಕ್ಕೆ ಒಂದು. ಟಿಕೆಟ್‌ಗಳ ಸಂಖ್ಯೆಗೆ ಮಿತಿಯಿದೆ, ಅದನ್ನು ಮೊದಲೇ ಹೇಳಿದ್ದಾರೆ.

ಆದರೂ ಲೆಕ್ಕ ಮಾಡಿ. 10 ಲಕ್ಷ ಡಾಲರ್ ಎಂದರೆ ಸುಮಾರು 36.7 ಲಕ್ಷ ದಿರ್ಹಾಂ. 5,000 ಟಿಕೆಟ್‌ಗೆ ಹಂಚಿದರೆ 734 ದಿರ್ಹಾಂ. ಕೊಟ್ಟದ್ದು 1,000. ಕೇರಳ ಬಂಪರ್‌ಗಿಂತ ಎಷ್ಟೋ ಉತ್ತಮ, ಆದರೂ ಪ್ರತಿ ಟಿಕೆಟ್‌ಗೆ ಸರಾಸರಿ 266 ದಿರ್ಹಾಂ ನಷ್ಟ. ಮತ್ತು 5,000ದಲ್ಲಿ 4,999 ಮಂದಿಗೆ ಆ ನಷ್ಟ 266 ಅಲ್ಲ, ಪೂರ್ತಿ ಸಾವಿರ. ಲೇಬರ್ ಕ್ಯಾಂಪಿನಲ್ಲಿದ್ದು ಊರಿಗೆ ಹಣ ಕಳಿಸುವವರಿಗೆ ಒಂದು ಸಾವಿರ ದಿರ್ಹಾಂ ಎಷ್ಟು ದಿನದ ದುಡಿಮೆ ಎನ್ನುವುದು ಅವರಿಗೇ ಗೊತ್ತು.

ಅಮೆರಿಕದಲ್ಲಿ ಸ್ವೀಪ್‌ಸ್ಟೇಕ್ಸ್‌ಗೆ ದುಡ್ಡೇ ಕೊಡಬೇಕಿಲ್ಲ. ಹಾಗಾದರೆ ನಷ್ಟ ಏನು?

ಅಲ್ಲಿನ ಕಾನೂನಿನಂತೆ ಬಹುಮಾನ, ಅದೃಷ್ಟ, ಪ್ರವೇಶ ಶುಲ್ಕ ಈ ಮೂರೂ ಸೇರಿದರೆ ಅದು ಲಾಟರಿ, ಖಾಸಗಿಯವರು ನಡೆಸುವಂತಿಲ್ಲ. ಶುಲ್ಕವನ್ನು ತೆಗೆದರೆ ಸ್ವೀಪ್‌ಸ್ಟೇಕ್ಸ್. ಅದಕ್ಕೇ "ಏನನ್ನೂ ಕೊಳ್ಳಬೇಕಿಲ್ಲ" ಎಂದು ಅಚ್ಚು ಹಾಕುತ್ತಾರೆ. ಕೊಂಡರೂ ಕೊಳ್ಳದಿದ್ದರೂ ಅವಕಾಶ ಸಮನಾಗಿರಬೇಕು. ಪುಕ್ಕಟೆ ಆದದ್ದರಿಂದಲೇ ಸೇರುವವರ ಸಂಖ್ಯೆಗೆ ಮಿತಿ ಇರುವುದಿಲ್ಲ. ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್ ಎಂಬ ಕಂಪನಿ ನಡೆಸುತ್ತಿದ್ದ ಪ್ರಸಿದ್ಧ ಡ್ರಾಗಳ ದೊಡ್ಡ ಬಹುಮಾನದ ಸಾಧ್ಯತೆ ನೂರಾರು ಕೋಟಿಗೆ ಒಂದು ಎಂದು ಅವರದೇ ನಿಯಮಪತ್ರದಲ್ಲಿತ್ತು. ಪವರ್‌ಬಾಲ್ ಲಾಟರಿಯ 29.2 ಕೋಟಿಗೆ ಒಂದು ಎನ್ನುವುದು ಅದರ ಮುಂದೆ ದೊಡ್ಡ ಅವಕಾಶ.

2023ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಸಾಮಾನು ಕೊಂಡರೆ ಗೆಲ್ಲುವ ಅವಕಾಶ ಹೆಚ್ಚುತ್ತದೆ ಎಂದು ಜನ ನಂಬುವಂತೆ ಪುಟಗಳನ್ನು ಜೋಡಿಸಲಾಗಿತ್ತು ಎನ್ನುವುದು ಮುಖ್ಯ ಆರೋಪ. 1.85 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. 2025ರ ಏಪ್ರಿಲ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಲ್ಲಿ ಮಕ್ಕಳ ಮನೆಯಲ್ಲಿರುವ ಅಪ್ಪ ಅಮ್ಮಂದಿರಿಗೆ ಇಂಥ ಲಕೋಟೆ ಬಂದಾಗ ಒಂದು ಮಾತು ಹೇಳಿಡಿ: ಸೇರುವುದಾದರೆ ಏನನ್ನೂ ಕೊಳ್ಳದೆ ಸೇರಲಿ.

ನಮ್ಮೂರ ಬಟ್ಟೆ ಅಂಗಡಿ, ಚಿನ್ನದ ಅಂಗಡಿಯ ಲಕ್ಕಿ ಡ್ರಾದಲ್ಲಿ ಸಾಧ್ಯತೆ ಎಷ್ಟೆಂದು ತಿಳಿಯುವುದು ಹೇಗೆ?

ಕೂಪನ್ ಎಷ್ಟು ಹಂಚಿದ್ದಾರೆಂದು ಅವರು ಹೇಳುವುದು ಅಪರೂಪ. ಅಂದಾಜು ಮಾಡಬಹುದು. 1,000 ರೂಪಾಯಿ ಖರೀದಿಗೆ ಒಂದು ಕೂಪನ್ ಎಂದಿಟ್ಟುಕೊಳ್ಳಿ. ಅಂಗಡಿಯ ದಿನದ ವ್ಯಾಪಾರ ಹಬ್ಬದ ದಿನಗಳಲ್ಲಿ 20 ಲಕ್ಷ, ಕೊಡುಗೆ 30 ದಿನ ಎಂದರೆ ಒಟ್ಟು 6 ಕೋಟಿ ವ್ಯಾಪಾರ, 60,000 ಕೂಪನ್. ಕಾರು ಒಂದೇ ಇದ್ದರೆ 60,000ಕ್ಕೆ ಒಂದು. ಜೊತೆಗೆ 10 ಸ್ಕೂಟರ್, 100 ಮಿಕ್ಸಿ ಇದ್ದರೆ ಏನಾದರೊಂದು ಬರುವ ಸಾಧ್ಯತೆ 540ಕ್ಕೆ ಒಂದು. ಹಲವು ಊರುಗಳಲ್ಲಿ ಶಾಖೆಗಳಿದ್ದರೆ ಎಲ್ಲ ಕೂಪನ್‌ಗಳೂ ಒಂದೇ ಪೆಟ್ಟಿಗೆಗೆ ಬೀಳುತ್ತವೆಯೇ ಎಂದು ಕೇಳಿ, ಆ ಒಂದು ಪ್ರಶ್ನೆಯಲ್ಲಿ ನಿಮ್ಮ ಲೆಕ್ಕ ಹತ್ತು ಪಟ್ಟು ಬದಲಾಗಬಹುದು.

ಬೇಕಾಗಿದ್ದ ಸೀರೆಯ ಜೊತೆ ಕೂಪನ್ ಸಿಕ್ಕರೆ ಹೆಸರು ಬರೆದು ಪೆಟ್ಟಿಗೆಗೆ ಹಾಕಿ, ನಷ್ಟವಿಲ್ಲ. ಕೂಪನ್‌ಗಾಗಿ ಇನ್ನೊಂದು ಸೀರೆ ಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಇಂಥ ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದು ಅನುಚಿತ ವ್ಯಾಪಾರ ಪದ್ಧತಿ. ಕಾರು ಯಾರಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ತಿಂಗಳು ತಿಂಗಳು ಕಟ್ಟುವ "ಲಕ್ಕಿ ಸ್ಕೀಮ್"?

ಕರಾವಳಿಯಲ್ಲಿ ಇದರ ಹಾವಳಿ ಹೆಚ್ಚು. ತಿಂಗಳಿಗೆ 500, 1,000 ಕಟ್ಟಿ, ಪ್ರತಿ ತಿಂಗಳು ಡ್ರಾ, ಬೈಕ್, ಚಿನ್ನ, ಫ್ಲ್ಯಾಟ್, ಕೊನೆಯಲ್ಲಿ ಎಲ್ಲರಿಗೂ ಏನಾದರೊಂದು ಎಂಬ ಭರವಸೆ. ಹೀಗೆ ಕಂತು ಕಟ್ಟಿಸಿಕೊಂಡು ಡ್ರಾ ಮಾಡುವ ಪ್ರೈಜ್ ಚಿಟ್‌ಗಳನ್ನು 1978ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಇಲ್ಲಿ ಗೆಲ್ಲುವ ಸಾಧ್ಯತೆಗಿಂತ ಮೊದಲು ನೋಡಬೇಕಾದದ್ದು ನಡೆಸುವವನು ಕೊನೆಯ ತಿಂಗಳವರೆಗೆ ಊರಲ್ಲಿರುವ ಸಾಧ್ಯತೆಯನ್ನು. ಹೀಗೆ ಮುಚ್ಚಿಹೋದ ಸ್ಕೀಮ್‌ಗಳಲ್ಲಿ ಹಣ ಕಳೆದುಕೊಂಡವರು ಹೆಚ್ಚಾಗಿ ಬೀಡಿ ಕಟ್ಟುವವರು, ಮನೆಗೆಲಸದವರು, ಸಣ್ಣ ಅಂಗಡಿಯವರು. ಸೇರಬೇಡಿ. ರಾಜ್ಯ ಸರ್ಕಾರದಲ್ಲಿ ನೋಂದಾಯಿತವಾದ ಚಿಟ್ ಫಂಡ್ ಬೇರೆ, ಇದು ಬೇರೆ.

"ನಿಮಗೆ 25 ಲಕ್ಷದ ಲಾಟರಿ ಬಂದಿದೆ" ಎಂದು ವಾಟ್ಸ್ಆ್ಯಪ್ ಬಂದಿದೆ. ನಿಜವಿರಬಹುದೇ?

ಕೊಳ್ಳದ ಟಿಕೆಟ್‌ಗೆ ಬಹುಮಾನ ಬರುವ ಸಾಧ್ಯತೆ ಸೊನ್ನೆ. ಟಿವಿ ಕಾರ್ಯಕ್ರಮದ ಹೆಸರು, ನಟರ ಫೋಟೊ, ಬ್ಯಾಂಕಿನ ಸೀಲು ಏನೇ ಇದ್ದರೂ ಉತ್ತರ ಬದಲಾಗುವುದಿಲ್ಲ.

"ಮೊದಲು ತೆರಿಗೆ ಕಟ್ಟಿ" ಎಂದು ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ನಗದು ಬಹುಮಾನದ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಕೊಡುತ್ತಾರೆ. ಕಾರು, ಸ್ಕೂಟರ್‌ನಂಥ ವಸ್ತು ಬಹುಮಾನದಲ್ಲಿ ಮಾತ್ರ, ಅದನ್ನು ಕೊಡುವ ಮುಂಚೆ ಶೇ 30 ತೆರಿಗೆ ಕಟ್ಟಲಾಗಿದೆ ಎಂದು ಖಚಿತಪಡಿಸಿಕೊಳ್ಳುವುದು ಕೊಡುವವರ ಹೊಣೆ. ಹಾಗಾಗಿ ನಿಜವಾದ ಅಂಗಡಿಯೂ ಆ ಮೊತ್ತವನ್ನು ಕೇಳಬಹುದು. ಆಗ ಅಂಗಡಿಗೇ ಹೋಗಿ, ಪ್ಯಾನ್ ಕೊಟ್ಟು, ರಸೀದಿ ಮತ್ತು ಟಿಡಿಎಸ್ ಸರ್ಟಿಫಿಕೇಟ್ ಪಡೆಯಿರಿ. ಅಪರಿಚಿತ ನಂಬರಿಗೆ ಯುಪಿಐ ಮಾಡಬೇಡಿ. ಈಗಾಗಲೇ ಹಣ ಕಳಿಸಿದ್ದರೆ ನಾಚಿಕೊಂಡು ಸುಮ್ಮನಿರದೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ನಿಜವಾಗಿಯೂ ಟಿಕೆಟ್‌ಗೆ ಬಹುಮಾನ ಬಂದಿದೆ. ಮೊದಲು ಏನು ಮಾಡಬೇಕು?

ಟಿಕೆಟ್‌ನ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಫಲಿತಾಂಶವನ್ನು ಕೇರಳ ಸರ್ಕಾರದ ಗೆಜೆಟ್‌ನಲ್ಲಿ ಬಂದದ್ದಕ್ಕೆ ಹೋಲಿಸಿ ನೋಡಿ. 5,000 ರೂಪಾಯಿವರೆಗಿನದನ್ನು ಕೇರಳದ ಯಾವುದೇ ಲಾಟರಿ ಅಂಗಡಿಯಲ್ಲಿ ಪಡೆಯಬಹುದು. ಅದಕ್ಕೆ ಮೇಲಿನದಕ್ಕೆ ಗುರುತಿನ ದಾಖಲೆಯೊಂದಿಗೆ ಬ್ಯಾಂಕ್ ಅಥವಾ ಸರ್ಕಾರಿ ಲಾಟರಿ ಕಚೇರಿಗೆ 30 ದಿನಗಳೊಳಗೆ ಟಿಕೆಟ್ ಒಪ್ಪಿಸಬೇಕು. ದೊಡ್ಡ ಮೊತ್ತವಾದರೆ ಊರಿಗೆಲ್ಲ ಹೇಳುವ ಮುಂಚೆ ಒಬ್ಬ ತೆರಿಗೆ ಸಲಹೆಗಾರರ ಬಳಿ ಹೋಗಿ. 2022ರಲ್ಲಿ 25 ಕೋಟಿ ಗೆದ್ದ ತಿರುವನಂತಪುರದ ಆಟೊ ಚಾಲಕರು, ಸಹಾಯ ಕೇಳಿ ಬರುವವರ ಕಾಟದಿಂದ ಸ್ವಂತ ಮನೆಯಲ್ಲಿ ಇರಲಾಗುತ್ತಿಲ್ಲ ಎಂದು ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಹೇಳಿಕೊಂಡಿದ್ದರು.

ಮನೆಯಲ್ಲಿ ಒಬ್ಬರು ಲಾಟರಿ ಬಿಡಲಾಗದೆ ಸಾಲ ಮಾಡುತ್ತಿದ್ದಾರೆ. ಈ ಲೆಕ್ಕಗಳನ್ನು ತೋರಿಸಿದರೆ ಬಿಡುತ್ತಾರೆಯೇ?

ಬಹುಶಃ ಇಲ್ಲ. ಅವರಿಗೆ ಲೆಕ್ಕ ಗೊತ್ತಿಲ್ಲದೆ ಹೀಗಾಗಿರುವುದಿಲ್ಲ. ಕಳೆದುಕೊಂಡದ್ದನ್ನು ಅದರಲ್ಲೇ ಮರಳಿ ಪಡೆಯಬೇಕೆಂಬ ಹಠ ಒಂದು ಹಂತ ದಾಟಿದ ಮೇಲೆ ಚಟವಾಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಬೈದು, ಅವಮಾನಿಸಿ ಪ್ರಯೋಜನವಿಲ್ಲ. ಕದ್ದುಮುಚ್ಚಿ ಆಡುವುದು ಹೆಚ್ಚುತ್ತದೆ ಅಷ್ಟೇ. ಸಾಲ ಎಷ್ಟಿದೆ ಎಂಬ ಪೂರ್ತಿ ಪಟ್ಟಿಯನ್ನು ಅವರ ಜೊತೆ ಕುಳಿತು ಬರೆಯಿರಿ. ಸ್ವಲ್ಪ ಕಾಲ ಸಂಬಳ, ಎಟಿಎಂ ಕಾರ್ಡ್, ಫೋನಿನ ಯುಪಿಐ ಮನೆಯ ಇನ್ನೊಬ್ಬರ ಕೈಯಲ್ಲಿರಲಿ, ಅವರ ಒಪ್ಪಿಗೆಯಿಂದಲೇ. ಇನ್ನೊಂದು ಸಾಲ ತೆಗೆದು ಹಳೆಯದನ್ನು ಸದ್ದಿಲ್ಲದೆ ತೀರಿಸಿಕೊಡಬೇಡಿ.

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಅಲ್ಲಿಗೆ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಮೊದಲ ಸಲ ಅವರು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ ಮಾತಾಡಿ ಬನ್ನಿ, ಮನೆಯವರಿಗೂ ಅಲ್ಲಿ ಸಲಹೆ ಕೊಡುತ್ತಾರೆ.